ಹಳೇ ಟಿವಿ ಗೇಮ್ ರಿಪೇರಿ: ಚಿತ್ರ ಬಂತು, ಕ್ಯಾಸೆಟ್ ಅರ್ಧ ಬಾಕಿ

ಕಳೆದ ಸಲ ಬರೆದಾಗ ಈ ಬೋರ್ಡಿನಲ್ಲಿ ಕೆಂಪು ದೀಪ ಬಿಟ್ಟರೆ ಬೇರೆ ಜೀವ ಇರಲಿಲ್ಲ. ಈಗ ಟಿವಿಯಲ್ಲಿ ಮೆನು ಬರುತ್ತಿದೆ, ಬಣ್ಣ ನೆಟ್ಟಗಿದೆ, ಸದ್ದೂ ಇದೆ. ಗೇಮ್ ಕ್ಯಾಸೆಟ್ ಒಳಗಿರುವುದನ್ನು ಪೂರ್ತಿ ಓದಿ ತೆಗೆಯುವ ಕೆಲಸ ಮಾತ್ರ ಅರ್ಧಕ್ಕೆ ನಿಂತಿದೆ.

ಹೊಸದಾಗಿ ಓದುತ್ತಿರುವವರಿಗೆ: ಇದು 1990ರ ದಶಕದಲ್ಲಿ ನಮ್ಮೂರುಗಳ ಅಂಗಡಿಗಳಲ್ಲಿ ‘ಟಿವಿ ಗೇಮ್’ ಅಂತ ಸಿಗುತ್ತಿದ್ದ ಪೆಟ್ಟಿಗೆ. ನಿಂಟೆಂಡೊ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು. ಗುಜರಿಯವರ ಹತ್ತಿರ ಹಳೇ ಸ್ಟೆಬಿಲೈಜರ್‌ಗಳ ಜೊತೆ ತೂಕಕ್ಕೆ ಸಿಕ್ಕಿತು. ನಕಲು ಅಂತ ಕಡೆಗಣಿಸುವವರಿದ್ದಾರೆ. ನನಗೆ ಇದೇ ಅಸಲಿ, ಯಾಕೆಂದರೆ ನಮ್ಮಲ್ಲಿ ಬಹುಪಾಲು ಮಕ್ಕಳು ಮಾರಿಯೋ ಆಡಿದ್ದು ಇಂಥ ಪೆಟ್ಟಿಗೆಗಳಲ್ಲೇ.

ಪವರ್ ವಿಚಾರ ಬೇಗ ಮುಗಿಸುತ್ತೇನೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿದ್ದವು, ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸವು ತಂದು ಹಾಕಿದೆ. 7805 ರೆಗ್ಯುಲೇಟರ್‌ಗೆ ಇದ್ದ ಹೀಟ್‌ಸಿಂಕ್ ಒಂದು ತೆಳು ತಗಡಿನ ಚೂರು. 9 ವೋಲ್ಟ್ ಒಳಗೆ ಹೋಗಿ 5 ವೋಲ್ಟ್ ಹೊರಗೆ ಬರುವಾಗ ಉಳಿದ 4 ವೋಲ್ಟ್‌ನ ಪಾಲೆಲ್ಲ ಶಾಖವಾಗಿ ಅಲ್ಲೇ ಕೂರುತ್ತದೆ, ಹಾಗಾಗಿ ದೊಡ್ಡದೊಂದು ಕೂರಿಸಿದೆ. ಈ ಜಾತಿಯ ಅಡಾಪ್ಟರ್‌ಗಳಲ್ಲಿ ಎಷ್ಟೋ ಸಲ ನಡುವಿನ ತುದಿ ಮೈನಸ್, ಹೊರಗಿನದು ಪ್ಲಸ್. ಈಗಿನ ರೂಟರ್ ಅಡಾಪ್ಟರ್‌ಗಳು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಮೀಟರ್ ಹಿಡಿದು ನೋಡದೆ ಯಾವುದನ್ನೂ ಚುಚ್ಚಬೇಡಿ.

ಚಿತ್ರಕ್ಕೆ ಮಾತ್ರ ಹೆಚ್ಚು ಒದ್ದಾಡಬೇಕಾಯಿತು. ಆರ್‌ಎಫ್ ಡಬ್ಬಿಯನ್ನು (ಆಂಟೆನಾ ತಂತಿಯ ಮೂಲಕ ಚಿತ್ರ ಕಳಿಸುವ ಭಾಗ) ನಂಬಿ, ಟಿವಿಯಲ್ಲಿ ಚಾನೆಲ್ ಹುಡುಕುತ್ತಾ ಕೂರುವ ಕಾಲ ಮುಗಿಯಿತು. ಚಿತ್ರ ಬಿಡಿಸುವ ಚಿಪ್, ಅಂದರೆ ಪಿಪಿಯು, ತನ್ನ 21ನೇ ಪಿನ್ನಿನಲ್ಲಿ ಕಾಂಪೊಸಿಟ್ ಸಿಗ್ನಲ್, ಅಂದರೆ ಒಂದೇ ತಂತಿಯಲ್ಲಿ ಪೂರ್ತಿ ಚಿತ್ರ, ಕೊಡುತ್ತದೆ. ಅದನ್ನು ನೇರವಾಗಿ ಟಿವಿಗೆ ಕೊಟ್ಟರೆ 75 ಓಮ್ ಹೊರೆ ಹೊರುವ ತ್ರಾಣ ಆ ಪಿನ್ನಿಗಿಲ್ಲ, ನಡುವೆ ಒಂದು ಟ್ರಾನ್ಸಿಸ್ಟರ್ ಬಫರ್ ಬೇಕು. ಹಾಕಿದ ಮೇಲೆ ಚಿತ್ರ ಬಂತು, ಆದರೆ ಅದರ ಮೇಲೆ ಕಿಟಕಿ ಸರಳಿನ ಹಾಗೆ ಉದ್ದುದ್ದ ಗೆರೆಗಳು. ಅಕ್ಕಪಕ್ಕದ ಟ್ರ್ಯಾಕ್‌ಗಳಲ್ಲಿ ಓಡುವ ಡಿಜಿಟಲ್ ಸಿಗ್ನಲ್‌ನ ಗಲಾಟೆ ಚಿತ್ರದೊಳಗೆ ಸೋರುವುದರಿಂದ ಹಾಗಾಗುತ್ತದೆ. 21ನೇ ಪಿನ್ನನ್ನು ಬೋರ್ಡಿನಿಂದ ಮೇಲೆತ್ತಿ, ಬಫರನ್ನು ಅದಕ್ಕೆ ಆದಷ್ಟು ಹತ್ತಿರ ಬೆಸೆದು, ಗಿಡ್ಡ ವೈರಿನಲ್ಲೇ ಹೊರಗೆ ಎಳೆದ ಮೇಲೆ ಗೆರೆಗಳು ಬಹುಮಟ್ಟಿಗೆ ಹೋದವು. ಪೂರ್ತಿ ಹೋಗಿಲ್ಲ, ಕಡುನೀಲಿ ಹಿನ್ನೆಲೆಯಲ್ಲಿ ದಿಟ್ಟಿಸಿದರೆ ಈಗಲೂ ಕಾಣುತ್ತವೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ, ಗಡಿಯಾರದ ಲೆಕ್ಕ.

ಬೋರ್ಡಿನ ಮೇಲೆ ಇರುವುದು ತೈವಾನಿನ ಯುಎಂಸಿ ಕಂಪನಿಯ ಚಿಪ್‌ಗಳು: ಸಿಪಿಯು ಯುಎ6527ಪಿ, ಪಿಪಿಯು ಯುಎ6538. ಗಡಿಯಾರದ ಮಿಡಿತ ಕೊಡುವ ಕ್ರಿಸ್ಟಲ್ ಮೇಲೆ 26.601712 (ಮೆಗಾಹರ್ಟ್ಸ್) ಎಂದು ಅಚ್ಚಾಗಿದೆ. ಈ ವಿವರಗಳನ್ನು ಒಂದು ಎಐ ಚಾಟ್‌ಬಾಟ್‌ಗೆ ಕೊಟ್ಟು, ಸಿಪಿಯು ಎಷ್ಟು ವೇಗದಲ್ಲಿ ಓಡಬೇಕು ಅಂತ ಕೇಳಿದೆ. ಒಂದಿಷ್ಟೂ ಅನುಮಾನವಿಲ್ಲದ ದನಿಯಲ್ಲಿ ಉತ್ತರ ಬಂತು: ಪಾಲ್ (ಯುರೋಪ್, ಭಾರತಗಳ 50 ಹರ್ಟ್ಸ್ ಟಿವಿ ಪದ್ಧತಿ) ಯಂತ್ರ, ಆದ್ದರಿಂದ 16ರಿಂದ ಭಾಗಿಸು, 1.66 ಮೆಗಾಹರ್ಟ್ಸ್. ಸಿಗ್ನಲ್ ಅಳೆಯುವ ಲಾಜಿಕ್ ಅನಲೈಜರ್‌ನ ತುದಿಯನ್ನು ಸಿಪಿಯುವಿನ ಗಡಿಯಾರ ಹೊರಬರುವ ಎಂ2 ಪಿನ್ನಿಗೆ ಹಚ್ಚಿ ನೋಡಿದರೆ 1.77. ಅಂದರೆ ಭಾಗಿಸಿರುವುದು 15ರಿಂದ.

ಎಐ ಹೇಳಿದ ಲೆಕ್ಕ ನಿಂಟೆಂಡೊ ಯುರೋಪಿಗೆ ಮಾಡಿದ ಯಂತ್ರದ್ದು. ಯುಎಂಸಿಯ ಎಂಜಿನಿಯರುಗಳು ಬೇರೆ ದಾರಿ ಹಿಡಿದಿದ್ದರು, ಆ ದಾರಿಯ ಬಗ್ಗೆ ನನಗೆ ಅಪಾರ ಗೌರವ. ಜಪಾನಿನ ಗೇಮ್‌ಗಳೆಲ್ಲ 60 ಹರ್ಟ್ಸ್ ಟಿವಿಗೆ, ಚಿತ್ರವೊಂದಕ್ಕೆ 262 ಗೆರೆಗಳ ಲೆಕ್ಕದಲ್ಲಿ ಬರೆದವು. ನಮ್ಮ ಟಿವಿ 50 ಹರ್ಟ್ಸ್, 312 ಗೆರೆ. ಹೆಚ್ಚಾದ 50 ಗೆರೆಗಳನ್ನು ಎಲ್ಲಿ ತುರುಕುವುದು? ಇವರು ಚಿತ್ರ ಮುಗಿದ ಕೂಡಲೇ ಆ 50 ಗೆರೆಗಳನ್ನು ಸುಮ್ಮನೆ ಕಳೆಯಲು ಬಿಟ್ಟು, ಆಮೇಲಷ್ಟೇ ಗೇಮ್‌ಗೆ ‘ಚಿತ್ರ ಮುಗಿಯಿತು’ ಎಂಬ ಸೂಚನೆ ಕೊಟ್ಟರು. ಸಿಪಿಯು ಮತ್ತು ಪಿಪಿಯು ವೇಗಗಳ ನಡುವೆ ಜಪಾನಿನ ಯಂತ್ರದಲ್ಲಿದ್ದ ಒಂದಕ್ಕೆ ಮೂರು ಎಂಬ ಅನುಪಾತವನ್ನೂ ಹಾಗೇ ಉಳಿಸಿಕೊಂಡರು. ಹಾಗಾಗಿ ಗೆರೆ ಎಣಿಸಿ ಚಮತ್ಕಾರ ಮಾಡುವ ಜಪಾನಿ ಗೇಮ್‌ಗಳು ಇಲ್ಲಿ ಮುಗ್ಗರಿಸದೆ ಓಡುತ್ತವೆ. ಸಂಗೀತದ ಶ್ರುತಿ ಶೇಕಡಾ ಒಂದರಷ್ಟೂ ಇಳಿಯುವುದಿಲ್ಲ, ಲಯ ಮಾತ್ರ ಆರರಲ್ಲಿ ಒಂದು ಪಾಲು ನಿಧಾನ. ಮೇಲಾಗಿ ಕೆಲವು ಕ್ಲೋನ್ (ನಕಲು) ಚಿಪ್‌ಗಳಲ್ಲಿ ಚೌಕ ಅಲೆಯ 25 ಮತ್ತು 50 ಶೇಕಡಾ ಡ್ಯೂಟಿ (ಅಲೆ ಮೇಲೆ ಇರುವ ಹೊತ್ತಿನ ಪಾಲು) ಅದಲುಬದಲಾಗಿರುತ್ತದೆ, ಅದರಿಂದ ನಾದದ ಬಣ್ಣವೇ ಬೇರೆ. ನಮ್ಮ ಕಿವಿಯಲ್ಲಿ ಉಳಿದಿರುವ ಮಾರಿಯೋ ರಾಗ ಟೋಕಿಯೋದ ಹುಡುಗನ ಕಿವಿಯಲ್ಲಿ ಉಳಿದಿರುವುದಕ್ಕಿಂತ ಬೇರೆ. ಇದು ನಮ್ಮ ಇತಿಹಾಸ, ಇದನ್ನು ಹಾಗೇ ಕಾಪಾಡಬೇಕು ಎನ್ನುವುದು ನನ್ನ ಹಟ.

ಆಮೇಲೆ ಅದೇ ಚಾಟ್‌ಬಾಟ್‌ಗೆ ಪ್ರಶ್ನೆಯನ್ನು ತಿರುಗಿಸಿ ಕೇಳಿದೆ: ‘ಡೆಂಡಿ ಯಂತ್ರದ ಸಿಪಿಯು ವೇಗ ಎಷ್ಟು?’ ಡೆಂಡಿ ಅಂದರೆ 1992ರ ಕೊನೆಯಲ್ಲಿ ರಷ್ಯಾದ ಮಾರುಕಟ್ಟೆಗೆ ಬಂದ ಇಂಥದೇ ನಕಲು. ಥಟ್ಟನೆ ಉತ್ತರ ಬಂತು: 15ರಿಂದ ಭಾಗಿಸು, 1.77. ಗೆರೆಗಳ ಲೆಕ್ಕವನ್ನೂ ಸರಿಯಾಗಿ ಹೇಳಿತು. ಕಾರಣ ಇಷ್ಟೇ. ಡೆಂಡಿ ಆಡಿ ಬೆಳೆದವರು ಆ ಯಂತ್ರಗಳನ್ನು ಬಿಚ್ಚಿ, ಅಳೆದು, ಬರೆದಿಟ್ಟರು. ಇವತ್ತು ಹಳೇ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್‌ಗಳಲ್ಲಿ ಈ ಟೈಮಿಂಗ್‌ಗೆ ‘ಡೆಂಡಿ’ ಎಂದೇ ಹೆಸರು. ಅದೇ ಚಿಪ್ ನಮ್ಮೂರಿಗೂ ಬಂದಿತ್ತು, ಆದರೆ ಇಲ್ಲಿ ಅದನ್ನು ಬರೆದಿಡುವ ಕೆಲಸ ಯಾರೂ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಕನ್ನಡದಲ್ಲಂತೂ ನನ್ನ ಕಣ್ಣಿಗೆ ಏನೂ ಬಿದ್ದಿಲ್ಲ. ಎಐ ಬರುವ ಮೊದಲೂ ಈ ಕೊರತೆ ಇತ್ತು. ಆಗ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ, ಸಿಗಲಿಲ್ಲ ಎಂಬುದಾದರೂ ಗೊತ್ತಾಗುತ್ತಿತ್ತು. ಈಗ ಆ ಖಾಲಿ ಜಾಗದಲ್ಲಿ ಪಕ್ಕದ ಯಂತ್ರದ ವಿವರ ಬಂದು ಕೂರುತ್ತದೆ, ಓದುವವನಿಗೆ ಅದು ಖಾಲಿ ಜಾಗ ಅಂತ ತಿಳಿಯುವುದೇ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಅದೇ ಎಐ ಕ್ಯಾಸೆಟ್ ಕೆಲಸದಲ್ಲಿ ಚೆನ್ನಾಗಿ ಕೈಹಿಡಿಯಿತು, ಅದನ್ನೂ ಹೇಳಬೇಕು. ಕ್ಯಾಸೆಟ್ ‘9999999 ಇನ್ 1’, ಒಳಗೆ ಕಪ್ಪು ಅಂಟಿನ ಬೊಟ್ಟಿನಡಿ ಮುಚ್ಚಿದ ಚಿಪ್. 60 ಪಿನ್ನಿನ ಸ್ಲಾಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮೈಕ್ರೊಕಂಟ್ರೋಲರ್ ಬೋರ್ಡಿಗೆ ಜೋಡಿಸಿದೆ. ಶಿಫ್ಟ್ ರಿಜಿಸ್ಟರ್ ಮೂಲಕ ವಿಳಾಸ ಕೊಟ್ಟು, ಎಂಟು ಡೇಟಾ ಗೆರೆ ಓದಿ, ಕಂಪ್ಯೂಟರ್‌ಗೆ ಕಳಿಸುವ ಪ್ರೋಗ್ರಾಮನ್ನು ಎಐ ಬರೆದುಕೊಟ್ಟಿತು. ಸಾಲು ಸಾಲಾಗಿ ಓದಿ ನೋಡಿದೆ, ಚೊಕ್ಕವಾಗಿತ್ತು. ಹಾಗೆ ತೆಗೆದ ಮೆನುವಿನ ಯಂತ್ರಭಾಷೆಯನ್ನು ಬಿಡಿಸಿ ಟಿಪ್ಪಣಿ ಬರೆಯುವುದರಲ್ಲೂ ಅದು ಗಟ್ಟಿ. ಈ ಸಿಪಿಯುವಿನ ಮೂಲ 1975ರ 6502 ಎಂಬ ಚಿಪ್. ಅದರ ಬಗ್ಗೆ ಐವತ್ತು ವರ್ಷ ಜನ ಬರೆದದ್ದೆಲ್ಲ ಅದಕ್ಕೆ ಸಿಕ್ಕಿದೆ.

ಸಿಪಿಯುಗೆ ಒಂದು ಸಲಕ್ಕೆ ಕ್ಯಾಸೆಟ್‌ನ 32 ಕೆಬಿ ಪ್ರೋಗ್ರಾಮ್ ಮಾತ್ರ ಕಾಣುತ್ತದೆ, ಗೇಮ್ ಬದಲಾಯಿಸಲು ಬ್ಯಾಂಕ್ (ಮೆಮೊರಿಯ ತುಂಡು) ಬದಲಾಯಿಸಬೇಕು. ಈ ಅಗ್ಗದ ಕ್ಯಾಸೆಟ್‌ಗಳಲ್ಲಿ ಅದನ್ನು ಬಲು ಜಾಣತನದಿಂದ ಮಾಡಿರುತ್ತಾರೆ. ಓದಲು ಮಾತ್ರ ಬರುವ ಮೆಮೊರಿಯ, ಅಂದರೆ ರೋಮ್‌ನ, ವಿಳಾಸವೊಂದಕ್ಕೆ ಸುಮ್ಮನೆ ‘ಬರೆಯುತ್ತಾರೆ’. ಬರೆದ ಮೌಲ್ಯಕ್ಕೆ ಬೆಲೆಯಿಲ್ಲ, ವಿಳಾಸದ ಬಿಟ್‌ಗಳೇ ಬ್ಯಾಂಕ್ ಸಂಖ್ಯೆ. ಯಾವ ಬಿಟ್ ಪ್ರೋಗ್ರಾಮಿಗೆ, ಯಾವುದು ಚಿತ್ರದ ರೋಮ್‌ಗೆ ಎಂಬುದು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಬೇರೆ. ಎಐ ಗೊತ್ತಿರುವ ಒಂದು ಮಾದರಿಯನ್ನು ಹೇಳಿತು, ಅನಲೈಜರ್ ಅದನ್ನು ಒಪ್ಪಲಿಲ್ಲ. ಈಗ ಮೆನುವಿನಿಂದ ಒಂದೊಂದೇ ಗೇಮ್ ಆರಿಸಿ, ಆ ಕ್ಷಣದ ವಿಳಾಸ ಹಿಡಿದು ಪಟ್ಟಿ ಮಾಡುತ್ತಿದ್ದೇನೆ. ಪ್ರೋಗ್ರಾಮಿನ ಬಿಟ್‌ಗಳು ಖಚಿತವಾಗಿವೆ, ಚಿತ್ರದ್ದು ಇನ್ನೂ ಇಲ್ಲ.

ಕೆಲಸದ ನಡುವೆ ಬೆಲೆಯ ವಿಚಾರವೂ ತಲೆಗೆ ಹತ್ತಿದೆ. ಪಕ್ಕದಲ್ಲೊಂದು ಅಂಗೈಯಗಲದ ಕಂಪ್ಯೂಟರ್ ಬೋರ್ಡ್, ರಾಸ್ಪ್‌ಬೆರಿ ಪೈ ಇಟ್ಟು ಎಮ್ಯುಲೇಟರ್ ಓಡಿಸಿ ಎರಡನ್ನೂ ಹೋಲಿಸುವ ಯೋಚನೆ ಇತ್ತು. 2025ರ ಡಿಸೆಂಬರ್‌ನಲ್ಲಿ ಪೈಗಳ ದರ ಏರಿತು. 16 ಜಿಬಿಯ ಪೈ 5ರ ಬೆಲೆ 120 ಡಾಲರ್‌ನಿಂದ 145ಕ್ಕೆ ಹೋಯಿತು. ಮೆಮೊರಿ ದುಬಾರಿಯಾಗಿದ್ದೇ ಕಾರಣವೆಂದು ಕಂಪನಿಯೇ ಹೇಳಿತು. ಅದೇ ತಿಂಗಳು ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರದಿಂದ ಹೊರಬರುವುದಾಗಿ ಪ್ರಕಟಿಸಿತು. ಎಐ ಡೇಟಾ ಸೆಂಟರ್‌ಗಳ ಹಸಿವು ಅಷ್ಟಿದೆ. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಎಐ ಅಲೆಕ್ಸ್‌ನೆಟ್ ಕಲಿತದ್ದು ಗೇಮ್ ಆಡುವವರಿಗೆಂದು ಮಾಡಿದ ಎರಡು ಜಿಟಿಎಕ್ಸ್ 580 ಕಾರ್ಡ್‌ಗಳ ಮೇಲೆ. 2013ರಲ್ಲಿ ಎಐ ಕಂಪನಿ ಡೀಪ್‌ಮೈಂಡ್ ತನ್ನ ಕಲಿಕೆಯ ವಿಧಾನವನ್ನು ಒರೆಗೆ ಹಚ್ಚಿದ್ದು ಅಟಾರಿ 2600ರ ಏಳು ಗೇಮ್‌ಗಳ ಮೇಲೆ, 128 ಬೈಟ್ ರ‍್ಯಾಮ್ ಇದ್ದ ಯಂತ್ರದ ಗೇಮ್‌ಗಳವು. ಗೇಮಿಂಗ್ ಇಷ್ಟು ಕೊಟ್ಟ ಮೇಲೆ, ಹವ್ಯಾಸಕ್ಕೆ ಒಂದು ಸಣ್ಣ ಬೋರ್ಡ್ ಕೊಳ್ಳುವವನ ಕೈಗೆ ಮೆಮೊರಿ ಎಟುಕದಂತಾಗುತ್ತಿರುವುದು ನ್ಯಾಯವಲ್ಲ ಅನ್ನಿಸುತ್ತದೆ. ಸದ್ಯಕ್ಕೆ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪೇ ಸಾಕು. 2 ಕೆಬಿ ರ‍್ಯಾಮ್, 2 ಕೆಬಿ ಚಿತ್ರದ ರ‍್ಯಾಮ್ ಇರುವ ಯಂತ್ರವನ್ನು ಅನುಕರಿಸಲು ಅದೇ ಧಾರಾಳ.

ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗಿ ಬದಲಾಯಿಸಬಹುದಾದ ಚಿಪ್) ಯಾಕೆ ಬೇಡ ಎಂದು ಕೆಲವರು ಕೇಳಿದ್ದರು. ಬೇಡ ಅಂದಿಲ್ಲ. ಡಿಇ10-ನ್ಯಾನೋ ಎಂಬ ಎಫ್‌ಪಿಜಿಎ ಬೋರ್ಡಿನ ಮೇಲೆ ಹಳೇ ಯಂತ್ರಗಳನ್ನು ಮರುಸೃಷ್ಟಿಸುವ ಮಿಸ್ಟರ್ ಯೋಜನೆ ನನಗೆ ತುಂಬ ಇಷ್ಟ. ಹಳೇ ಚಿಪ್‌ಗಳ ಮೇಲ್ಪದರ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು, ಟ್ರಾನ್ಸಿಸ್ಟರ್‌ಗಳನ್ನು ಒಂದೊಂದಾಗಿ ಗುರುತಿಸಿದವರ ತಾಳ್ಮೆ ಇಂಥ ಯೋಜನೆಗಳ ಬೆನ್ನಿಗಿದೆ. 6502ರಲ್ಲಿ ಸುಮಾರು 3,500 ಟ್ರಾನ್ಸಿಸ್ಟರ್‌ಗಳು. ಒಬ್ಬ ಮನುಷ್ಯ ಕೂತು ಪೂರ್ತಿ ಅರ್ಥಮಾಡಿಕೊಳ್ಳಬಹುದಾದ ಯಂತ್ರ ಇದು, ಈ ಹವ್ಯಾಸದಲ್ಲಿ ನನ್ನನ್ನು ಹಿಡಿದಿಟ್ಟಿರುವುದೂ ಅದೇ. ಆದರೆ ನಮ್ಮ ಕ್ಲೋನ್‌ಗಳ ಅಳತೆಗಳು ಮೊದಲು ದಾಖಲಾಗಬೇಕು, ಎಫ್‌ಪಿಜಿಎಗೆ ಅವುಗಳನ್ನು ಇಳಿಸುವ ಮಾತು ಆಮೇಲೆ.

ಮುಂದಿನ ಕೆಲಸ ಟಿವಿಗೆ ಗುರಿಯಿಟ್ಟು ಆಡುವ ಗನ್ನಿನದು. ‘ಡಕ್ ಹಂಟ್’ನಲ್ಲಿ ಗನ್ನಿನ ಕುದುರೆ (ಟ್ರಿಗರ್) ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ, ಗನ್ನಿನೊಳಗಿನ ಸಂವೇದಕ ಆ ಬೆಳಕನ್ನು ಅದೇ ಕ್ಷಣಕ್ಕೆ ಹಿಡಿಯಬೇಕು. ಚಪ್ಪಟೆ ಟಿವಿಗಳು ಚಿತ್ರವನ್ನು ತಡಮಾಡಿ ತೋರಿಸುವುದರಿಂದ ಅಲ್ಲಿ ಇದು ನಡೆಯುವುದಿಲ್ಲ. ಹಳೇ ಡಬ್ಬಿ ಟಿವಿಯೇ (ಸಿಆರ್‌ಟಿ) ಬೇಕು, ಚಿಕ್ಕದೊಂದನ್ನು ಹುಡುಕುತ್ತಿದ್ದೇನೆ.

ನಿಮ್ಮ ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇದ್ದರೆ ಒಂದು ಉಪಕಾರ ಮಾಡಿ. ಬಿಚ್ಚಿ, ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದು ಕಳಿಸಿ. ಚಿಪ್‌ಗಳ ಮೇಲಿನ ಸಂಖ್ಯೆ, ಕ್ರಿಸ್ಟಲ್ ಮೇಲಿನ ಅಂಕಿ, ಯಾವ ಊರಿನಲ್ಲಿ ಯಾವ ವರ್ಷದ ಸುಮಾರಿಗೆ ಕೊಂಡಿದ್ದು, ಇಷ್ಟು ಬೇಕು. ಚಿಪ್‌ಗಳು ಕಾಣದೆ ಬರೀ ಕಪ್ಪು ಬೊಟ್ಟು ಇದ್ದರೂ ಪರವಾಗಿಲ್ಲ, ಅದೂ ದಾಖಲೆಯೇ. ಫೋಟೋ ಮಸುಕಾಗಿದ್ದರೆ ಇನ್ನೊಂದು ಸಲ ತೆಗೆಯಿರಿ, ಎಐ ಆ್ಯಪ್ ಹಾಕಿ ಚೊಕ್ಕ ಮಾಡಬೇಡಿ. ಅದು ಮಸುಕಾದ ಅಂಕಿಗಳನ್ನು ಊಹಿಸಿ ತಿದ್ದಿಬಿಡುತ್ತದೆ, ಆಮೇಲೆ 6527 ಇತ್ತೋ 6528 ಇತ್ತೋ ಎಂದು ಹೇಳುವವರು ಯಾರೂ ಇರುವುದಿಲ್ಲ.