ದುಡಿಯೋರಿಗೆಲ್ಲಿ ಡಿಪ್ರೆಶನ್ನು ಅಂತ ಕೇಳುವವರಿಗೆ

ದಾವಣಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ ನನ್ನ ಕೆಲಸ. ಹಮಾಲಿಯೊಬ್ಬ ಡಾಕ್ಟರ ಚೀಟಿ ಕೊಟ್ಟು ಮಾತ್ರೆ ತಗೊಂಡು ಹೋಗುತ್ತಾನೆ. ಹಿಂದೆ ನಿಂತವರು ಚೀಟಿ ಇಣುಕಿ ನೋಡಿರುತ್ತಾರೆ. ಕೌಂಟರಿನ ಮೇಲೆ ಬಗ್ಗಿ ಕೇಳುತ್ತಾರೆ: 'ಇವರಿಗೂ ಡಿಪ್ರೆಶನ್ನಾ? ಮೈಮುರಿದು ದುಡಿಯೋರಿಗೆ ಇದೆಲ್ಲ ಎಲ್ಲಿಂದ ಬರುತ್ತೆ?'

ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಚಿಲ್ಲರೆ ಎಣಿಸುವ ನೆಪ ಮಾಡುತ್ತೇನೆ. ಬರೆದಿಟ್ಟರೆ ಫೋನ್ ತೋರಿಸಿ ಪಾರಾಗಬಹುದಲ್ವಾ?

ಬರುತ್ತೆ ಸಾರ್. ಜಾಸ್ತಿನೇ ಬರುತ್ತೆ. ನಿಮ್ಹಾನ್ಸ್ 2015-16ರಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗಲೂ ಕಡಿಮೆ ಆದಾಯದ ಮನೆಗಳಲ್ಲೇ ಮನಸ್ಸಿನ ಕಾಯಿಲೆ ಹೆಚ್ಚು ಕಂಡಿತ್ತು. ಔಷಧಿ ಸಿಗುವುದು ಮಾತ್ರ ಕೆಲವರಿಗೆ.

ಒಬ್ಬ ಯಜಮಾನರು ಗಾದೆಯನ್ನೇ ತಂದಿದ್ದರು. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಕಣಯ್ಯ.' ಎರಡು ಮಳಿಗೆ ಬಾಡಿಗೆಗೆ ಕೊಟ್ಟವರು. ನಿದ್ದೆ ಬರಲಿ ಅಂತ ದಿನಾ ಕುಂದವಾಡ ಕೆರೆ ಸುತ್ತುತ್ತಾರೆ. ಗಾದೆ ಇನ್ನೊಮ್ಮೆ ಓದಿ ಸ್ವಾಮಿ. ಚಿಂತೆ ಇಲ್ಲದವನಿಗೆ ಅಂತಿದೆ. ದುಡ್ಡಿಲ್ಲದವನಿಗೆ ಅಂತ ಎಲ್ಲಿದೆ?

ನಮ್ಮಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆಲ್ಲ ಹತ್ತಿ ನಾರು. ಮಿಲ್ ಮುಚ್ಚಿದ ಮೇಲೆ ಹುಬ್ಬು ಕಪ್ಪಗಾಯಿತು, ಅಪ್ಪ ಮಾತ್ರ ಒಮ್ಮೆಗೇ ಮುದುಕರಾದರು. ಮನೆಯಿಂದ ಬೀಡಿ ಅಂಗಡಿಗೆ ನೂರು ಹೆಜ್ಜೆ. ಅದಕ್ಕೇ ಮೂರು ಕಡೆ ನಿಲ್ಲುತ್ತಿದ್ದರು. ಸುಮ್ನೆ. ಯಾರಾದರೂ ಸಿಕ್ಕರೂ ಮಾತಿಲ್ಲ. ಸೋಮಾರಿಯಾದ ಅಂತ ಬೀದಿಯವರು, ಹೇಳಬಾರದು, ನಾನೂ ಅಂದುಕೊಂಡಿದ್ದೆ.

ಎಷ್ಟೋ ವರ್ಷದ ಮೇಲೆ ಮರಿಯೆಂತಾಲ್ ಬಗ್ಗೆ ಒಂದು ಪುಸ್ತಕ ಓದಿದೆ. ಆಸ್ಟ್ರಿಯಾದಲ್ಲಿ, ವಿಯೆನ್ನಾ ಹತ್ತಿರದ ಊರು. ಅಲ್ಲಿನ ಬಟ್ಟೆ ಮಿಲ್ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. 1931ರ ಕೊನೆಗೆ ಮನಶ್ಶಾಸ್ತ್ರಜ್ಞೆ ಮಾರೀ ಯಹೋದಾ ಮತ್ತವರ ಜೊತೆಯವರು ಹೋಗಿ, ಕಿಟಕಿಯ ಮರೆಯಲ್ಲಿ ಗಡಿಯಾರ ಹಿಡಿದು, ದಾರಿಯಲ್ಲಿ ಹೋಗುವವರ ನಡಿಗೆ ಅಳೆದರು. ಗಂಡಸರು ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೊತ್ತು ಬೇಕಾದಷ್ಟಿತ್ತು, ಆದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಅರ್ಧಕ್ಕೆ ಇಳಿದಿತ್ತು. ಓದುತ್ತಾ ಓದುತ್ತಾ ಆ ಕಿಟಕಿಯ ಕೆಳಗೆ ನಮ್ಮಪ್ಪ ಹೋದ ಹಾಗಾಯಿತು.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಹೆಂಗಸರು ಅಷ್ಟು ನಿಲ್ಲುತ್ತಿರಲಿಲ್ಲ. ಅವರಿಗೆ ಮನೆಗೆಲಸ ಹಾಗೇ ಇತ್ತು.

ಡಿಪ್ರೆಶನ್ ಅಂದರೆ ಎಲ್ಲರೂ ಅಪ್ಪನ ಬಗ್ಗೆಯೇ ಕೇಳುತ್ತಾರೆ. ನಿಮ್ಮವ್ವ ಹೇಗಿದ್ದಳು ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಅಪ್ಪನ ಮಿಲ್ ಮುಚ್ಚಿದ ಮೇಲೆ ಅವ್ವ ಮಂಡಕ್ಕಿ ಭಟ್ಟಿಗೆ ಹೊರಟಳು. ರಾತ್ರಿ ಮೂರಕ್ಕೇ ಏಳಬೇಕು. ಕಾದ ಮರಳಿನ ಮುಂದೆ ನಿಲ್ಲಬೇಕು, ಒಲೆಗೆ ಹಾಕಿದ ಹಳೇ ಟೈರಿನ ಹೊಗೆ ಕುಡಿಯಬೇಕು. ಕೂಲಿ ಚೀಲದ ಲೆಕ್ಕ, ನಿಂತರೆ ಕೂಲಿಯೂ ನಿಂತಿತು. ಬಂದು ಅಡುಗೆ ಮಾಡುತ್ತಿದ್ದಳು. ಅವಳ ನಡಿಗೆ ಒಂದು ದಿನವೂ ನಿಧಾನವಾಗಲಿಲ್ಲ. ಹಾಗಾಗಿ ಅವಳಿಗೆ ಏನೂ ಆಗಿಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿದ್ದೆವು.

ಭಟ್ಟಿಗೆ ರಜೆ ಇದ್ದ ದಿನವೂ ಮೂರಕ್ಕೆ ಎದ್ದು, ಅಡುಗೆಮನೆ ಬಾಗಿಲಿಗೆ ಒರಗಿ ಕತ್ತಲಲ್ಲೇ ಕೂತಿರುತ್ತಿದ್ದಳು.

'ಯಾಕವ್ವ, ಮಲಗಬಾರದಾ?'

'ಏನಿಲ್ಲಪ್ಪ, ಹಾಲಿನವನು ಬರ್ತಾನೆ ಅಂತ.'

ನಮ್ಮ ಮನೆಗೆ ಆಗ ಹಾಲು ಹಾಕಿಸುತ್ತಿರಲಿಲ್ಲ.