ಸೈಲೆನ್ಸರಿನ ಬಾಯಲ್ಲಿ ಒಂದು ಮಿಲಿಮೀಟರ್ ಸಂದು

ನನ್ನ 2014ರ ಬುಲೆಟ್‌ನ ಮೂಲ ಸೈಲೆನ್ಸರ್ ತಳದಲ್ಲಿ ತುಕ್ಕು ಹಿಡಿದು ತೂತಾದಾಗ, ಕಂಪನಿಯದನ್ನೇ ತರುವ ಬದಲು ಅರ್ಧ ಬೆಲೆಗೆ ಸಿಕ್ಕ ಹೊರಗಿನ ಸೈಲೆನ್ಸರನ್ನು ಹಾಕಿಸಿದ್ದೆ. ಒಳಗೆ ಸದ್ದು ತಗ್ಗಿಸುವ ತಡೆ, ಅಂದರೆ ಬ್ಯಾಫಲ್, ಇರುವುದನ್ನು ನೋಡಿಯೇ ಆರಿಸಿದ್ದರಿಂದ ಸದ್ದಿನ ಭಯವಿರಲಿಲ್ಲ. ಹೆಚ್ಚು ಸದ್ದು ಮಾಡಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಇದೆಯೆಂಬುದೂ ಗೊತ್ತಿತ್ತು. ಆದರೆ ಎರಡೇ ವಾರಗಳಲ್ಲಿ, ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟೊಡನೆ ಪಟಪಟನೆ ಪಟಾಕಿ ಸಿಡಿದಂತಹ ಸದ್ದು ಬರತೊಡಗಿತು.

ಮೆಕ್ಯಾನಿಕ್ ಮೊದಲು ಕಾರ್ಬುರೇಟರನ್ನು ಟ್ಯೂನ್ ಮಾಡಿದರು. ಸದ್ದು ಕಡಿಮೆಯಾಗದಿದ್ದಾಗ ಎಂಜಿನ್ನಿನಿಂದ ಹೊಗೆ ತರುವ ಬೆಂಡ್ ಪೈಪು ಮತ್ತು ಸೈಲೆನ್ಸರ್ ಕೂಡುವಲ್ಲಿ ಕೆಂಪು ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಮೆತ್ತಿದರು. ಎಂಟು ದಿನಗಳಲ್ಲಿ ಅದು ಬಿರುಕು ಬಿಟ್ಟು ಚೂರುಚೂರಾಗಿ ಉದುರಿತು. ಮತ್ತೊಮ್ಮೆ ಮೆತ್ತಿಸಿದೆ, ಮತ್ತೊಮ್ಮೆ ಉದುರಿತು. ಮೂರನೆಯ ಸಲ ಹೋಗಲು ನನಗೇ ನಾಚಿಕೆಯಾಗಿ, ಒಂದು ಭಾನುವಾರ ನಾನೇ ಕುಳಿತೆ.

ಸೋರಿಕೆ ಎಲ್ಲಿದೆಯೆಂದು ತಿಳಿಯಲು ದೊಡ್ಡ ಉಪಕರಣವೇನೂ ಬೇಕಾಗಿಲ್ಲ. ತಣ್ಣಗಿದ್ದ ಬೈಕನ್ನು ಬಯಲಿನಲ್ಲಿ ನಿಲ್ಲಿಸಿ, ಪೆಟ್ರೋಲ್ ಟ್ಯಾಂಕಿನಿಂದ ದೂರದಲ್ಲೇ ಊದುಬತ್ತಿ ಹಚ್ಚಿಕೊಂಡು, ಎಂಜಿನ್ ಚಾಲೂ ಮಾಡಿ ಅದರ ಹೊಗೆಯನ್ನು ಕೂಡುಗಳ ಬಳಿ ಹಿಡಿದೆ. ಬೆಂಡ್ ಪೈಪು ಎಂಜಿನ್ ಹೆಡ್ಡಿಗೆ ಕೂಡುವಲ್ಲಿನ ಪ್ಯಾಕಿಂಗ್ ಹತ್ತಿರ ಹೊಗೆಯ ಎಳೆ ನೆಟ್ಟಗೆ ಮೇಲೇರಿತು. ಬೆಂಡ್ ಪೈಪು ಒಳಹೋಗುವ ಸೈಲೆನ್ಸರಿನ ಬಾಯಿಯ ಬಳಿ ಮಾತ್ರ ಪ್ರತಿ ಧಕ್ಕೆಗೂ ಚದುರಿತು. ಅಲ್ಲೇ, ಕೂಡನ್ನು ಬಿಗಿಹಿಡಿಯುವ ಕ್ಲ್ಯಾಂಪಿನ ಕೆಳಗೆ, ಹುಬ್ಬಿನ ಆಕಾರದಲ್ಲಿ ಕಪ್ಪು ಮಸಿ ಅಂಟಿತ್ತು. ಆಕ್ಸಿಲರೇಟರ್ ಬಿಟ್ಟಾಗ ಪೈಪಿನೊಳಗಿನ ಒತ್ತಡ ಕ್ಷಣಕ್ಷಣಕ್ಕೂ ಹೊರಗಿನದಕ್ಕಿಂತ ಕೆಳಗಿಳಿದು ಇಂಥ ಸಂದಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಉರಿಯದೆ ಬಂದ ಪೆಟ್ರೋಲ್ ಆವಿ ಆ ಗಾಳಿ ಸಿಕ್ಕೊಡನೆ ಬಿಸಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಬಡಪಾಯಿ ಕಾರ್ಬುರೇಟರಿನದು ಏನೂ ತಪ್ಪಿರಲಿಲ್ಲ.

ಸೈಲೆನ್ಸರ್ ಕಳಚಿ ವರ್ನಿಯರ್ ಹಿಡಿದು ಅಳೆದಾಗ ಬೆಂಡ್ ಪೈಪಿನ ಹೊರವ್ಯಾಸ 38 ಮಿ.ಮೀ., ಸೈಲೆನ್ಸರಿನ ಬಾಯಿಯ ಒಳವ್ಯಾಸ 40 ಮಿ.ಮೀ. ಇತ್ತು. ಅಂದರೆ ಸುತ್ತಲೂ ಒಂದೊಂದು ಮಿಲಿಮೀಟರ್ ಸಂದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಲೇತ್ ಅಂಗಡಿಯ ಹಿರಿಯರೊಬ್ಬರಿಗೆ ಅದನ್ನು ತೋರಿಸಿದಾಗ, "ಪೇಸ್ಟು ಸಂದು ತುಂಬಲಿಕ್ಕಲ್ಲ ಸಾರ್, ಕೂತ ಪೈಪಿಗೆ ಹಚ್ಚಲಿಕ್ಕೆ" ಎಂದಷ್ಟೇ ಹೇಳಿ, ಒಂದು ಮಿಲಿಮೀಟರ್ ದಪ್ಪದ ಸ್ಟೀಲ್ ತಗಡನ್ನು ಸುರುಳಿ ಸುತ್ತಿ, ಸಂದಿನಲ್ಲಿ ಕೂರುವ ಬಳೆಯಂಥ ಬುಷ್ ಮಾಡಿಕೊಟ್ಟರು. ಕ್ಲ್ಯಾಂಪ್ ಬಿಗಿದಾಗ ಅದು ಕುಗ್ಗಲೆಂದು ಉದ್ದಕ್ಕೆ ಒಂದು ಸೀಳು ಬಿಟ್ಟಿದ್ದರು; ಸೈಲೆನ್ಸರಿನ ಬಾಯಲ್ಲೂ ಸೀಳುಗಳಿರುವುದರಿಂದ ಎರಡೂ ಒಂದೇ ಸಾಲಿಗೆ ಬರದಂತೆ ತಿರುಗಿಸಿ ಕೂರಿಸಬೇಕೆಂದೂ, ಬೆಂಡ್ ಪೈಪು ಆ ಸೀಳುಗಳನ್ನು ದಾಟಿ ಒಳಗೆ ಹೋಗಿರಬೇಕೆಂದೂ ಎಚ್ಚರಿಸಿದರು.

ಮರುಜೋಡಿಸುವಾಗ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ಹಿಂದಿನ ಬ್ರಾಕೆಟ್ಟಿನ ತೂತು ಫ್ರೇಮಿನ ತೂತಿಗೆ ಸರಿಯಾಗಿ ಕೂಡುತ್ತಿರಲಿಲ್ಲ; ಬೋಲ್ಟನ್ನು ಮೊದಲೇ ಬಿಗಿದು ಸೈಲೆನ್ಸರನ್ನು ಬಲವಂತವಾಗಿ ಎಳೆದು ಕೂರಿಸಿದ್ದರಿಂದ ಮುಂದಿನ ಕೂಡು ಸದಾ ಓರೆಯಾಗಿಯೇ ಇತ್ತು. ದುಂಡನೆಯ ಅರದಿಂದ ಆ ತೂತನ್ನು ಸ್ವಲ್ಪ ಉದ್ದ ಮಾಡಿದೆ. ಬಳಿಕ ಹೆಡ್ಡಿನ ಬಳಿ ಹೊಸ ಪ್ಯಾಕಿಂಗ್ ಹಾಕಿ, ಎಲ್ಲವನ್ನೂ ಸಡಿಲವಾಗಿಯೇ ಜೋಡಿಸಿಕೊಂಡು, ಮೊದಲು ಅಲ್ಲಿನ ಎರಡು ನಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಆಮೇಲೆ ಕ್ಲ್ಯಾಂಪನ್ನೂ ಕೊನೆಗೆ ಬ್ರಾಕೆಟ್ಟನ್ನೂ ಬಿಗಿದೆ. ಪೇಸ್ಟನ್ನು ಬುಷ್ಷಿಗೆ ತೆಳ್ಳಗೆ ಸವರಿದ್ದೆ, ಅಷ್ಟೇ.

ಒಮ್ಮೆ ಬಿಸಿಯಾಗಿ ಆರಿದ ಮೇಲೆ ಕ್ಲ್ಯಾಂಪ್ ಕಾಲು ಸುತ್ತು ಮತ್ತೆ ತಿರುಗಿತು. ಮುಂದಿನ ವಾರ ಆಗುಂಬೆಯಿಂದ ಸೋಮೇಶ್ವರದವರೆಗೆ ಇಳಿದು, ಬೈಕ್ ಪೂರ್ತಿ ಆರುವವರೆಗೆ ಕಾದು, ಬಿಳಿ ಬಟ್ಟೆಯಿಂದ ಕ್ಲ್ಯಾಂಪಿನ ಕೆಳಗೆ ಒರೆಸಿ ನೋಡಿದೆ. ಬಟ್ಟೆಗೆ ಹತ್ತಿದ್ದು ಘಾಟಿಯ ಕೆಮ್ಮಣ್ಣು ಮಾತ್ರ.