ಒಣಗಿಸಬಾರದ ಬೀಜ

ಅರಣ್ಯ ಇಲಾಖೆ ಸೇರಿದವರು ನರ್ಸರಿಯಲ್ಲಿ ಮೊದಲು ಕಲಿಯುವುದು ಸಾಗವಾನಿಯ ಪಾಠ. ಬೀಜವನ್ನು ರಾತ್ರಿ ನೆನೆಸು, ಹಗಲು ಬಿಸಿಲಿಗೆ ಹರವು, ಮತ್ತೆ ನೆನೆಸು. ಚೀಲಕ್ಕೆ ತುಂಬಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ನಮ್ಮ ವೇಳಾಪಟ್ಟಿ, ಬಿಲ್ಲು, ತಪಾಸಣೆ ಎಲ್ಲವೂ ಇಂಥ ಬೀಜಕ್ಕೇ ಒಗ್ಗಿಹೋಗಿವೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ಈ ಲೆಕ್ಕ ನಡೆಯದು. ವರ್ಷವಿಡೀ ನೀರಾರದ ಹಳ್ಳದಂಚು. ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದ ಬೇರುಗಳು. ಜಾಯಿಕಾಯಿ ಕುಟುಂಬದ ಈ ಮರಗಳ ತೊಗಟೆ ಕೆತ್ತಿದರೆ ಕೆಂಪು ರಸ ಇಳಿಯುತ್ತದೆ. ಬೀಜ ದಪ್ಪ, ಹಸಿ. ಕೆಲವು ದಿನ ಒಣಗಿದರೆ ಮುಗಿಯಿತು, ಮತ್ತೆ ಮೊಳೆಯದು. ಗೇರಿನ ಕುಟುಂಬದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅಪರೂಪದ ಮರವೂ ಇಲ್ಲಿಯದೇ. ವಿಜ್ಞಾನಕ್ಕೆ ಅದರ ಪರಿಚಯವಾದದ್ದೇ 2000ದಲ್ಲಿ. 2011ರಲ್ಲಿ ಸಿಂಗಳೀಕಕ್ಕೆಂದು ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾದಾಗ ಕತ್ತಲೆಕಾನೂ ಅದರೊಳಗೆ ಬಂತು. ಮಂಗನ ನೆಪದಲ್ಲಿ ಜಡ್ಡಿಗೂ ಒಂದು ಆಸರೆ ಸಿಕ್ಕಿತು ಅನ್ನಿ.

ಬೀಜ ಎಲ್ಲಿಂದ ತರುವುದು? ಎತ್ತರದ ಮರ, ಕೆಳಗೆ ಕೆಸರು. ಮಂಗಟ್ಟೆ ಹಕ್ಕಿ ನಮಗಿಂತ ಮೊದಲೇ ಹಾಜರು. ನನಗೆ ದಾರಿ ತೋರಿದವರು ಪತ್ರೆ ಕೊಯ್ಯುವ ಜನ. ಮಾರಾಟವಾಗುವುದು ಬೀಜ ಸುತ್ತಿಕೊಂಡಿರುವ ಕೆಂಪು ಪತ್ರೆ. ಅದನ್ನು ಬಿಡಿಸಿಕೊಂಡ ಮೇಲೆ ಅವರಿಗೆ ಬೀಜ ಅಷ್ಟಾಗಿ ಬೇಕಿಲ್ಲ. "ಪತ್ರೆ ನಮಗೆ, ಬೀಜ ನಿಮಗೆ. ಆದ್ರೆ ಸಂಜೇನೇ ಬಂದು ತಗೊಂಡ್ಹೋಗಿ ಸಾಹೇಬ್ರೇ," ಅಂದರು ಒಬ್ಬ ಅಜ್ಜಿ. ಅಂಗಳದ ಮೂಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ಬೀಜ ಮುಚ್ಚಿಟ್ಟಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ.

ಕಷ್ಟ ಬರುವುದು ಹಸಿಕಾಯಿಯಲ್ಲಿ. ನಾನು ಬಿಟ್ಟರೆ ಪಕ್ಕದವನು ಕೊಯ್ದಾನು ಎಂದು ಬಲಿಯುವ ಮೊದಲೇ ಕಿತ್ತರೆ ಪತ್ರೆಗೆ ಬೆಲೆ ಕಡಿಮೆ, ಬೀಜ ಹುಟ್ಟದು, ಹಕ್ಕಿಗೂ ಇಲ್ಲ. ಇದಕ್ಕೆ ಗಾರ್ಡ್ ಕಾವಲು ಸಾಲದು. ಊರವರೇ ಕೂತು ಕೊಯ್ಲಿನ ದಿನ ಗೊತ್ತುಮಾಡಿದ ಕಡೆ ಮಾತ್ರ ಹಣ್ಣು ಮರದಲ್ಲಿ ಉಳಿದದ್ದನ್ನು ಕಂಡಿದ್ದೇನೆ.

ಹೊಸದಾಗಿ ಬಂದವರಿಗೆ ಇನ್ನೊಂದು ಮಾತು. ಈ ಬಳಗದಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಕಾಯಿ ಬಿಡದ ಮರ ದಂಡ ಎಂದು ಜನ ಕಡಿಯುತ್ತಾರೆ, ಬೀಜಕ್ಕೆಂದು ಗುರುತಿಸಿದ ನಮ್ಮ ತಾಯಿಮರದ ಪಟ್ಟಿಯಲ್ಲೂ ಅದು ಇರುವುದಿಲ್ಲ. ಹಣ್ಣಿನ ಕಾಲದಲ್ಲಿ ಹೋದರೆ ಗಂಡು ಮರದ ಗುರುತು ಸಿಕ್ಕುವುದಿಲ್ಲ. ಹೂ ಬಿಟ್ಟಾಗಲೇ ಹೋಗಿ ಅದಕ್ಕೂ ನಂಬರು ಹಾಕಿ ಬನ್ನಿ.